ಉಣ್ಣುವವನ ತಾಟು

ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ನಮಗೇ ಜಾಗವಿರಲಿಲ್ಲ. ಬೀದಿಗೆ ತೆರೆದುಕೊಂಡ ಪಡಸಾಲೆ ಗಿರಾಕಿಗಳದು. ಗೋಡೆಗುಂಟ ಮಣೆ ಹಾಕಿ ಅವರನ್ನು ಉಣ್ಣಲು ಕೂಡಿಸುತ್ತಿದ್ದೆವು. ನಡುವಿನ ಕೋಣೆ ಜೋಳದ ಚೀಲಗಳದು, ಎಣ್ಣೆ ಡಬ್ಬಿಗಳದು, ಉಳ್ಳಾಗಡ್ಡಿ ಬುಟ್ಟಿಗಳದು. ಆ ಚೀಲಗಳ ಸಂದಿಯಲ್ಲಿ ಒಂದೇ ಕೌದಿಯೊಳಗೆ ನಾನೂ ಅಕ್ಕನೂ ಮಲಗುತ್ತಿದ್ದೆವು. ಅಪ್ಪ ಪಡಸಾಲೆಯಲ್ಲಿ. ಅವ್ವ ಎಲ್ಲಿ ಮಲಗುತ್ತಿದ್ದಳೋ ನಾನು ಕಾಣೆ. ನಮಗೆ ನಿದ್ದೆ ಹತ್ತುವಾಗ ಅವಳು ತಾಟು ತಿಕ್ಕುತ್ತಿದ್ದಳು, ಎಚ್ಚರವಾದಾಗ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಒಮ್ಮೆ ಜ್ವರ ಬಂದು ಹಿತ್ತಲ ಬಾಗಿಲ ಹತ್ತಿರ, ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ, ಮಧ್ಯಾಹ್ನವಿಡೀ ಬಿದ್ದುಕೊಂಡಿದ್ದೆ. ಪಡಸಾಲೆಯಲ್ಲಿ ಯಾರೋ ಇನ್ನೊಂದು ರೊಟ್ಟಿ ಕೇಳುತ್ತಿದ್ದರು. ಅವ್ವ ನನ್ನನ್ನು ದಾಟಿ ನೀರು ತರಲು ಹೋದಳು, ದಾಟಿ ಒಳಗೆ ಬಂದಳು. ಹಾಗೆ ದಾಟುವಾಗ ಬಗ್ಗಿ ಹಣೆ ಮುಟ್ಟಿ ನೋಡಿದಳು. ಅವಳ ಕೈಯ ಹಿಟ್ಟು ಹಣೆಯ ಮೇಲೆ ಒಣಗಿ ಸಂಜೆಯವರೆಗೂ ಚುರುಚುರು ಎನ್ನುತ್ತಿತ್ತು. ಅವ್ವನ ಮಮತೆ ಎಂದರೆ ನನಗೆ ನೆನಪಾಗುವುದು ಆ ಚುರುಚುರು.

ಈಗ ಆ ಅವ್ವನ ಬಗ್ಗೆ ಮಾತಾಡಲು ನನ್ನನ್ನು ಕರೆಯುತ್ತಾರೆ. ಊರಲ್ಲಿ ನನ್ನ ಎರಡು ಖಾನಾವಳಿಗಳಿವೆ. ತಿಕೋಟಾ ರಸ್ತೆಯಲ್ಲಿ ರೊಟ್ಟಿ ಮಾಡಿಸುವ ದೊಡ್ಡ ಶೆಡ್ಡಿದೆ. ಹಾಗಾಗಿ ಸ್ವಂತ ಉದ್ಯೋಗ ಮಾಡಬೇಕೆನ್ನುವ ಹುಡುಗ ಹುಡುಗಿಯರ ಎದುರು ನನ್ನನ್ನು ನಿಲ್ಲಿಸಿ, ಉದ್ಯಮಿಗೆ ಎಂಥ ಗುಣ ಬೇಕು, ಎಂಥ ರೂಢಿ ಬೇಕು, ನಾಲ್ಕು ಮಾತು ಹೇಳಿರಿ ಎನ್ನುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಸ್ವಾಗತ ಮಾಡುವವರೊಬ್ಬರು ಎದ್ದು ಅವ್ವನ ಕಥೆ ಹೇಳಿ ಮುಗಿಸಿರುತ್ತಾರೆ. ಗಿರಾಕಿಗಳೆಲ್ಲ ಬಿಟ್ಟುಹೋದರೂ ಎದೆಗುಂದದ ಹೆಣ್ಣುಮಗಳು, ಸಂಕಟದಲ್ಲೂ ದಾರಿ ಕಂಡವಳು, ಈ ಊರಲ್ಲಿ ಹೆಂಗಸರಿಗಾಗಿ ಖಾನಾವಳಿ ತೆರೆದವಳು. ಚಪ್ಪಾಳೆ. ನಾನು ಕುರ್ಚಿಯ ಮೇಲೆ ಹಲ್ಲು ಕಚ್ಚಿ ಕೂತಿರುತ್ತೇನೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಕಥೆಯಲ್ಲಿ ನನ್ನ ಅಕ್ಕ ಕಸ್ತೂರಿ ಇರುವುದಿಲ್ಲ. ಅವಳನ್ನು ತೆಗೆದು ಹೊರಗಿಟ್ಟ ಮೇಲೆಯೇ ಆ ಕಥೆ ಅಷ್ಟು ಚೆಂದವಾಗುತ್ತದೆ.

ಮೊದಲು ಆ ಗುಣಗಳನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವ್ವನಿಗೆ ಅನ್ಯಾಯವಾದೀತು. ಅವ್ವ ಸಾಲೆಯ ಮುಖ ಕಂಡವಳಲ್ಲ, ಘೋಣಸಗಿಯ ಒಕ್ಕಲುತನದ ಮನೆಯಿಂದ ಅಪ್ಪನ ಹಿಂದೆ ಪೇಟೆಗೆ ಬಂದವಳು. ಉಂಡವರ ತಾಟುಗಳನ್ನು ನಾವು ಒಳಗೆ ತಂದರೆ, ತೊಳೆಯುವ ಮೊದಲು ಒಂದೊಂದನ್ನೂ ನೋಡುತ್ತಿದ್ದಳು. ಬದನೆಕಾಯಿಯ ತೊಟ್ಟು ಮಾತ್ರ ಉಳಿದಿದ್ದರೆ ಸುಮ್ಮನಿರುತ್ತಿದ್ದಳು. ಪಲ್ಯ ಹಾಗೇ ಉಳಿದಿದ್ದರೆ ಬೋಗುಣಿಯಲ್ಲಿದ್ದುದನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, “ಉಪ್ಪ ಹೆಚ್ಚ ಆಗೇತಿ” ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮಾರನೆಯ ದಿನ ಆ ಮನುಷ್ಯ ಬಂದಾಗ ಏನೂ ಹೇಳದೆ ಅವನಿಗೊಂದು ಬಟ್ಟಲು ಮೊಸರು ಹೆಚ್ಚಿಗೆ ಕಳಿಸುತ್ತಿದ್ದಳು. ಹಲ್ಲು ಹೋದ ಮುದುಕನಿಗೆ ಮೆತ್ತನೆಯ ರೊಟ್ಟಿ, ಬೆಳ್ಳುಳ್ಳಿ ಮುಟ್ಟದವನಿಗೆ ಬೇರೆ ಸಾರು. ಪಡಸಾಲೆಗೆ ಅವಳು ಬರುತ್ತಲೇ ಇರಲಿಲ್ಲ, ಆದರೂ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಯಾರು ಬಂದರೆಂದು ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು. ರೊಟ್ಟಿ ತೀರಿತೆಂದು ಯಾರನ್ನೂ ತಿರುಗಿ ಕಳಿಸಿದವಳಲ್ಲ. ಬಂದವನು ಕೈಕಾಲು ತೊಳೆದು ಮಣೆಯ ಮೇಲೆ ಕೂಡುವಷ್ಟರಲ್ಲಿ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿರುತ್ತಿತ್ತು. ಕರಿದ ಎಣ್ಣೆಯನ್ನು ಇನ್ನೊಮ್ಮೆ ಬಳಸು ಎಂದು ಅಪ್ಪ ಹೇಳಿದ ದಿನ, ಅವನ ಕಣ್ಣೆದುರೇ ಅದನ್ನು ಹಿತ್ತಲಿಗೆ ಚೆಲ್ಲಿದಳು. ಇವೆಲ್ಲ ನನಗೆ ಬಂದದ್ದು ಅಲ್ಲಿಂದ. ಇಂದಿಗೂ ನಾನಿರುವಾಗ ಎಂಜಲು ತಾಟನ್ನು ನಾನು ನೋಡದೆ ಯಾರೂ ನೀರಿಗೆ ಹಾಕುವಂತಿಲ್ಲ.

ಆದರೆ ಹೆಚ್ಚಿಗೆ ಹೋದ ಆ ಬಟ್ಟಲು ಮೊಸರು ಎಲ್ಲಿಂದ ಬಂತು ಎಂದು ಯಾವ ಸಭೆಯಲ್ಲೂ ಯಾರೂ ಕೇಳಿಲ್ಲ. ಅದು ನಮ್ಮ ಪಾಲಿನ ಮೊಸರು. ಊರವರೆಲ್ಲ ಉಂಡ ಮೇಲೆ ಮುರಿದ ರೊಟ್ಟಿ, ಗಡಿಗೆಯ ತಳದ ಸಾರು, ಅದೂ ಆರಿದ ಮೇಲೆ, ನಮ್ಮ ಊಟ. ಒಂದು ನಾಗರಪಂಚಮಿಗೆ ಗಿರಾಕಿಗಳಿಗೆಂದು ಕಟ್ಟಿಟ್ಟ ಶೇಂಗಾ ಉಂಡಿಗಳಲ್ಲಿ ಒಂದನ್ನು ನಾನು ಬಾಯಿಗೆ ಹಾಕಿಕೊಂಡೆ. ಅವ್ವ ಬೆನ್ನಿಗೆ ಗುದ್ದಿದ ಏಟಿಗೆ ಉಂಡಿ ನೆಲಕ್ಕೆ ಬಿತ್ತು.

“ಗಿರಾಕಿಗಿಂತ ಮೊದಲ ಬಾಯಿ ಹಾಕ್ತಿಯೇನ? ನಿನ್ನ ಬಾಯಾಗ ಮಣ್ಣ ಹಾಕ!”

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ.

“ಯವ್ವಾ, ನಾವೂ ಈ ಮನ್ಯಾಗ ಅದೀವಿ. ಒಂದಿನಾ ನಮ್ಮನ್ನೂ ಗಿರಾಕಿ ಅಂತ ತಿಳಕೋ ಬೇ.”

ಹಾಗೆ ಅವ್ವನಿಗೆ ಎದುರು ಹೇಳುವ ಧೈರ್ಯ ಆ ಮನೆಯಲ್ಲಿದ್ದದ್ದು ಅಕ್ಕನಿಗೊಬ್ಬಳಿಗೇ. ಅವಳು ಕಾಲೇಜಿಗೆ ಹೋಗುತ್ತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿದು, ಓಡಿಹೋಗಿ ಪಾಠ ಕೇಳಿ, ಮಧ್ಯಾಹ್ನ ಬಡಿಸುವ ಹೊತ್ತಿಗೆ ಓಡಿಬರುತ್ತಿದ್ದಳು. ಕಾಲೇಜಿನವರನ್ನೂ ಅಪ್ಪನೇ ಹೋಗಿ ಮಾತಾಡಿ ಅದಕ್ಕೆ ಒಪ್ಪಿಸಿದ್ದ. ಅವಳಿಗೊಂದು ಕಲೆಯಿತ್ತು. ಪಡಸಾಲೆಯಲ್ಲಿ ಯಾರು ಹೇಗೆ ಉಂಡರು ಎಂಬುದನ್ನು ಅಡಿಗೆಮನೆಗೆ ಬಂದು ಆಡಿ ತೋರಿಸುತ್ತಿದ್ದಳು. ಒಬ್ಬ ಹಸಿ ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ಸುತ್ತ ನೋಡುವುದು, ಇನ್ನೊಬ್ಬ ಸಾರು ಸುರ್ರೆಂದು ಹೀರಿದಾಗ ಅವನ ಮೀಸೆ ಹಿಂದೆ ಸರಿಯುವುದು. ಅವ್ವ ನಗಬಾರದೆಂದು ಒಲೆಯ ಕಡೆ ತಿರುಗಿ ಕೂತುಬಿಡುತ್ತಿದ್ದಳು, ಅವಳ ಭುಜ ಅಲುಗಾಡುತ್ತಿತ್ತು. ಮುಂದೆ ಸಾಲೆಯಲ್ಲಿ ಕಲಿಸುವವಳಾಗಬೇಕು, ತಿಕೋಟಾಕ್ಕೋ ಬಬಲೇಶ್ವರಕ್ಕೋ ಬಸ್ಸಿನಲ್ಲಿ ಹೋಗಿ ಬರಬೇಕು, ಬಸ್ಸಿನಲ್ಲಿ ಕಿಟಕಿಯ ಕಡೆ ಕೂಡಬೇಕು, ಇಷ್ಟು ಅವಳ ಆಸೆ. ಕೌದಿಯೊಳಗೆ ನನಗೆ ಹೇಳುತ್ತಿದ್ದಳು.

ಅಪ್ಪ ಬಾಗಿಲ ಹತ್ತಿರ ರೊಕ್ಕದ ಗಲ್ಲೆಯ ಮುಂದೆ ಕೂಡುತ್ತಿದ್ದ. ಬಿಳಿ ಅಂಗಿ, ಹಣೆಗೆ ವಿಭೂತಿ, ಬಾಯಲ್ಲಿ ಸಕ್ಕರೆ. ಬಂದವರಿಗೆಲ್ಲ “ಬರ್ರಿ ಬರ್ರಿ, ನಿಮ್ಮ ಮನೀನ ಐತ್ರಿ” ಎನ್ನುತ್ತಿದ್ದ. ಪೇಟೆಯವರು ಖಾನಾವಳಿ ನಡೆಯುವುದು ಅವನ ನಾಲಿಗೆಯಿಂದ ಎಂದು ನಂಬಿದ್ದರು, ಅವನೂ ನಂಬಿದ್ದ. ಒಳಗೆ ಹೊಗೆಯಲ್ಲಿ ಕಣ್ಣು ಸುಟ್ಟುಕೊಳ್ಳುವ ಅವ್ವನ ಹೆಸರು ಗಂಗವ್ವ ಎಂಬುದು ಎಷ್ಟು ಮಂದಿಗೆ ಗೊತ್ತಿತ್ತೋ. ಅವಳ ಹೆಸರು ಹೇಳಿ ಕೂಗುತ್ತಿದ್ದವರು ಹಿತ್ತಲ ಬಾಗಿಲಿಗೆ ಬರುವವರು. ಹಳ್ಳಿಗಳಿಂದ ಓದಲು ಬಂದು ಪಕ್ಕದ ಓಣಿಯಲ್ಲಿ ಕೋಣೆ ಹಿಡಿದ ಹುಡುಗಿಯರು, ದವಾಖಾನೆಯ ನರ್ಸಮ್ಮಗಳು, ವರ್ಗವಾಗಿ ಬಂದ ಒಬ್ಬ ಟೀಚರು. ಗಂಡಸರ ನಡುವೆ ಮಣೆ ಹಾಕಿ ಕೂಡುವಂತಿರಲಿಲ್ಲ, ಹೊಟ್ಟೆ ಕೇಳುತ್ತಿರಲಿಲ್ಲ. ಸೆರಗಿನ ಕೆಳಗೆ ಡಬ್ಬಿ ಹಿಡಿದು ಕಳ್ಳರ ಹಾಗೆ ಬರುತ್ತಿದ್ದರು. ಅವ್ವ ಕಟ್ಟಿಗೆಯ ಪಕ್ಕದಲ್ಲೇ ಅವರನ್ನು ನಿಲ್ಲಿಸಿ ರೊಟ್ಟಿ, ಪಲ್ಯ ತುಂಬಿಕೊಡುತ್ತಿದ್ದಳು.

ಆ ಸಾವಕಾರನ ಹೆಸರು ನಾನು ಬರೆಯುವುದಿಲ್ಲ. ಅಕ್ಕ ಬೇಡವೆಂದಿದ್ದಾಳೆ. “ಹೆಸರ ಬರದು ಅಂವನ್ನ ದೊಡ್ಡಾಂವನ್ನ ಮಾಡಬ್ಯಾಡ” ಎಂದಳು. ಬಟ್ಟೆಯ ವ್ಯಾಪಾರಿ. ಹೆಂಡಿರು ಮಕ್ಕಳು ಹಳ್ಳಿಯಲ್ಲಿ, ಅಂಗಡಿ ನಮ್ಮ ಪೇಟೆಯಲ್ಲಿ, ಮಧ್ಯಾಹ್ನದ ಊಟ ನಮ್ಮಲ್ಲಿ. ಅವನ ಗುಮಾಸ್ತರೂ, ಅವನ ಮಾತು ನಡೆಯುವ ಅಕ್ಕಪಕ್ಕದ ಅಂಗಡಿಗಳವರೂ ನಮ್ಮಲ್ಲೇ ಉಣ್ಣುತ್ತಿದ್ದರು. ಅವನು ಕೂಡುವ ಮಣೆಗೆ ಅಪ್ಪ ಮೆತ್ತೆ ಹಾಸುತ್ತಿದ್ದ. ಅಕ್ಕ ಬಡಿಸಲು ಹೋದರೆ ಅವನಿಗೆ ಹಸಿವು ಹೆಚ್ಚಾಗುತ್ತಿತ್ತು. ಒಂದು ಮಾತು, ಒಂದು ನಗೆ, ಇನ್ನೊಂದು ರೊಟ್ಟಿ, ಮತ್ತೊಂದು ಮಾತು. ಅಕ್ಕ ಅಪ್ಪನಿಗೆ ಹೇಳಿದಳು. ಅಪ್ಪ ಗಲ್ಲೆಯ ಮುಚ್ಚಳ ಒರೆಸುತ್ತ ಹೇಳಿದ:

“ದೊಡ್ಡವರು, ಚಾಷ್ಟಿ ಮಾಡ್ತಾರವ್ವಾ. ಗಿರಾಕಿ ಅಂದ್ರ ದೇವರಿದ್ದಂಗ. ನಾವ ಸಮಾಧಾನ ತಗೋಬೇಕು.”

ಸಮಾಧಾನ. ಈ ಮಾತನ್ನು ಉದ್ಯಮಿಯ ಗುಣಗಳಲ್ಲಿ ಸೇರಿಸಿ ಯಾರಾದರೂ ಭಾಷಣ ಮಾಡಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಸಮಾಧಾನ ತಗೊಳ್ಳುವುದು ಯಾರು, ಯಾರ ಮೈಮೇಲೆ?

ಆ ದಿನ ಪಡಸಾಲೆ ತುಂಬಿತ್ತು. ನಾನು ನೀರಿನ ತಂಬಿಗೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದೆ. ಅಕ್ಕ ರೊಟ್ಟಿಬುಟ್ಟಿ ಹಿಡಿದು ಸಾವಕಾರನ ಮುಂದೆ ಬಗ್ಗಿದಳು. ಅವನು ರೊಟ್ಟಿ ತಗೊಳ್ಳುವ ಬದಲು ಅವಳ ಮುಂಗೈ ಹಿಡಿದ.

“ಇಷ್ಟ ರೊಟ್ಟಿ ಬಡದ್ರೂ ಕೈ ಎಷ್ಟ ಮೆತ್ತಗ ಅದಾವ ನೋಡ್ರೀ ಇಕಿದು.”

ಅಕ್ಕ ಕೈ ಜಗ್ಗಿದಳು. ಅವನು ಬಿಡಲಿಲ್ಲ, ನಗುತ್ತಿದ್ದ. ಇನ್ನೂ ಜೋರಾಗಿ ಜಗ್ಗಿದಳು. ಬಳೆಗಳು ಒಡೆದು ಚೂರು ಅವನ ತಾಟಿನಲ್ಲಿ ಬಿದ್ದವು, ಬುಟ್ಟಿ ಉರುಳಿ ರೊಟ್ಟಿ ನೆಲದ ಮೇಲೆ ಹರಡಿತು. ಸಾಲಿಗೆ ಕೂತ ಅಷ್ಟು ಗಂಡಸರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ಎಲ್ಲರೂ ತಮ್ಮ ತಮ್ಮ ತಾಟಿನಲ್ಲೇ ಏನೋ ಹುಡುಕುತ್ತಿದ್ದರು. ಅಪ್ಪ ಗಲ್ಲೆ ಬಿಟ್ಟು ಎದ್ದು ಬಂದ. ಬಂದವನು ಸಾವಕಾರನ ಮುಂದೆ ಕೈ ಜೋಡಿಸಿದ.

“ಹುಡುಗಿ ಕೈ ಜಾರೇತ್ರಿ. ಏನೂ ತಿಳಕೋಬ್ಯಾಡ್ರಿ. ಲೇ ಕಸ್ತೂರಿ, ನಿಂತ ಏನ ನೋಡ್ತಿ? ಬ್ಯಾರೆ ತಾಟ ತಾ, ಬಿಸಿ ರೊಟ್ಟಿ ತಂದ ಹಾಕು ಅವರಿಗೆ.”

ಆಗ ಅವ್ವ ಪಡಸಾಲೆಗೆ ಬಂದಳು. ಗಿರಾಕಿಗಳು ಇರುವಾಗ ಅವಳು ಆ ಹೊಸ್ತಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಮೊಳಕೈವರೆಗೆ ಹಿಟ್ಟು, ತಲೆಯ ಮೇಲಿನ ಸೆರಗು ಜಾರಿತ್ತು, ಅದನ್ನು ಸರಿಮಾಡಿಕೊಳ್ಳಲಿಲ್ಲ.

“ಏಳ ಮ್ಯಾಲ.”

“ಏನಬೇ, ಯಾರ ಕೂಡ ಮಾತಾಡಾಕತ್ತಿ, ಗೊತ್ತೈತೇನು?”

“ಗೊತ್ತೈತಿ. ಇಷ್ಟ ದಿನ ನಿನಗ ರೊಟ್ಟಿ ಬಡದ ಹಾಕಿದಾಕಿ ನಾ. ಕೈ ತೊಳಕೊಂಡ ಹೊರಗ ನಡಿ.”

ಅವನು ಏಳಲಿಲ್ಲ. ಗಂಗವ್ವ ಬಗ್ಗಿ, ಅವನು ಉಣ್ಣುತ್ತಿದ್ದ ತಾಟನ್ನು ಅವನ ಕೈಯ ಕೆಳಗಿನಿಂದ ಎತ್ತಿಕೊಂಡಳು. ಎಲ್ಲರ ನಡುವೆ ಹಾದು, ಅಡಿಗೆಮನೆ ದಾಟಿ, ಹಿತ್ತಲಿಗೆ ಹೋಗಿ ನಾಯಿಯ ಮುಂದೆ ಸುರಿದಳು. ನನ್ನ ಇಡೀ ಬಾಲ್ಯದಲ್ಲಿ ನಾನು ಹೆಮ್ಮೆಯಿಂದ ಎದೆ ಉಬ್ಬಿಸಿ ನಿಂತ ಗಳಿಗೆಯೊಂದಿದ್ದರೆ ಅದೇ. ಓಡಿಹೋಗಿ ಅವ್ವನ ಸೀರೆ ಹಿಡಿದುಕೊಂಡೆ.

ಸಾವಕಾರ ಹೋದ. ಅವನ ಹಿಂದೆ ಗುಮಾಸ್ತರು ಹೋದರು. ಮಾರನೆಯ ದಿನದಿಂದ ಮಣೆಗಳು ಖಾಲಿ. ಪೇಟೆಯ ಬಾಯಿಗೆ ನಮ್ಮ ಮನೆಯೇ ಅವಲಕ್ಕಿಯಾಯಿತು. ಕೊಳಾಯಿಯ ಹತ್ತಿರ, ಗುಡಿಯ ಕಟ್ಟೆಯ ಮೇಲೆ, ಹಿಟ್ಟಿನ ಗಿರಣಿಯಲ್ಲಿ ಅದೇ ಮಾತು: ಉಣ್ಣುವವನ ತಾಟು ಕಸಿದುಕೊಳ್ಳಬಾರದಿತ್ತು, ಗಂಗವ್ವ ಮಹಾಪಾಪ ಮಾಡಿದಳು. ಹುಡುಗಿಯ ಕೈ ಹಿಡಿಯಬಾರದಿತ್ತು ಎಂದು ಒಬ್ಬರಾದರೂ ಹೇಳುತ್ತಾರೇನೋ ಎಂದು ನಾನು ಕೊಡ ಹಿಡಿದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಹೇಳಲಿಲ್ಲ. ತಾಟಿಗೆ ಇದ್ದ ಮಾನ ಅಕ್ಕನ ಕೈಗೆ ಇರಲಿಲ್ಲ. ಅಪ್ಪ ಅವ್ವನ ಜೊತೆ ಮಾತು ಬಿಟ್ಟು, ಘೋಣಸಗಿಯಿಂದ ತನ್ನ ಅಣ್ಣನನ್ನು ಕರೆಸಿದ.

ದೊಡ್ಡಪ್ಪ ಮನೆತನದ ಹಿರಿಯ. ಪೇಟೆಯ ಮನೆ ಅವನ ಹೆಸರಿನಲ್ಲಿತ್ತು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತ. ಅವನ ಎದುರು ಅವ್ವ ಎಂದೂ ಕೂತವಳಲ್ಲ, ಬಾಗಿಲ ಮರೆಯಲ್ಲಿ ನಿಂತೇ ಉತ್ತರಿಸುತ್ತಿದ್ದಳು. ಆ ದಿನ ಹೊಸ್ತಿಲ ಒಳಗೆ ನೆಲದ ಮೇಲೆ ಕೂತಳು. ನಾನೂ ಅಕ್ಕನೂ ಅಡಿಗೆಮನೆಯಲ್ಲಿ ಉಸಿರು ಹಿಡಿದು ಕೇಳುತ್ತಿದ್ದೆವು.

“ಕೈ ಹಿಡದ್ರ ಹುಡುಗಿ ಸವದ ಹೋಗ್ತಿದ್ದಳೇನು? ಹೋಗಿ ಸಾವಕಾರಗ ಕೈ ಮುಗದ ಬಾ ಗಂಗವ್ವಾ.”

“ನಾ ಮುಗಿಯಂಗಿಲ್ರಿ ಭಾವಾರ.”

“ಹಂಗಾರ ಈ ಮನೀಗೆ ಕೀಲಿ ಹಾಕ್ತೀನಿ. ಎಲ್ಲಾರೂ ಘೋಣಸಗಿಗೆ ನಡೀರಿ, ಹೊಲದಾಗ ದುಡೀರಿ.”

ಅವ್ವ ಹೇಳಿದಳು:

“ಗಂಡಸರು ಬರದಿದ್ರ ಬ್ಯಾಡ್ರಿ. ಹಿತ್ತಲ ಬಾಗಲಕ್ಕ ಬರೂ ಹೆಣ್ಮಕ್ಕಳನ್ನ ಪಡಸಾಲ್ಯಾಗ ಕುಂದರಿಸ್ತೀನಿ. ಅವರಿಗೇ ಖಾನಾವಳಿ ನಡಸ್ತೀನಿ.”

ದೊಡ್ಡಪ್ಪ ನಕ್ಕ. ಅಪ್ಪನೂ ಅಣ್ಣನ ಮುಖ ನೋಡಿ ನಕ್ಕ.

“ಮನಿ ಬಿಟ್ಟ ಹೆಂಗಸರು ಖಾನಾವಳ್ಯಾಗ ಉಣ್ತಾರೇನು?” ಎಂದ ದೊಡ್ಡಪ್ಪ.

“ಹಸಿವು ಹೆಂಗಸರಿಗೂ ಆಕ್ಕೈತ್ರಿ.”

ಆ ಉತ್ತರಕ್ಕೆ ನಾನು ಅಕ್ಕನ ತೋಳು ಹಿಂಡಿದೆ. ಅಕ್ಕ ನಕ್ಕಳು. ಅವಳ ಕಣ್ಣಲ್ಲಿ ಮಿಂಚಿತ್ತು. ಅವ್ವ ಗೆದ್ದಳೆಂದೇ ನಾವಿಬ್ಬರೂ ತಿಳಿದೆವು. ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡ. ನಿಧಾನವಾಗಿ ಜಗಿದ.

“ಮಾಡ್ಕೋ. ಆದ್ರ ನಂದೂ ಒಂದ ಮಾತೈತಿ. ಕಸ್ತೂರಿ ಹೆಸರ ಊರ ತುಂಬ ಆಗೇತಿ. ಈ ಸಲದ ಲಗ್ನದ ಹಂಗಾಮ ಮುಗಿಯೂದರಾಗ ಆಕಿದ ಮುಗಿಸಬೇಕು. ಕಾಖಂಡಕ್ಯಾಗ ಒಂದ ಮನಿ ನೋಡೀನಿ. ಹೊಲಾ ಐತಿ, ಎಮ್ಮಿ ಅದಾವ. ಆಕಿ ಈ ಮನಿ ಬಿಟ್ಟ ಹೋದ ಮ್ಯಾಲ ನೀ ಏನ ಬೇಕಾದ್ದ ಮಾಡು.”

ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಅವ್ವ ಕೇಳಿದಳು, ದನಿ ಬದಲಾಗಿತ್ತು, ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಿನ ದನಿ:

“ನಾ ಇರೂ ತನಕ ಈ ಮನಿ ಯಾರೂ ಕೇಳಬಾರದು. ನಿಮ್ಮ ಮಕ್ಕಳೂ ಕೇಳಬಾರದು. ನಾಕ ಮಂದಿ ಮುಂದ ಹೇಳ್ತೀರೇನು?”

“ಹೇಳ್ತೀನಿ.”

“ಆತು.”

ಅಷ್ಟೇ. ಅಕ್ಕ ನನ್ನ ಕೈಯಿಂದ ತೋಳು ಬಿಡಿಸಿಕೊಂಡಳು. ಅವ್ವ ಎದ್ದು ಒಳಗೆ ಬಂದಳು. ನಮ್ಮನ್ನು ನೋಡದೆ ಹಂಚನ್ನು ಒಲೆಯ ಮೇಲಿಟ್ಟು, ನಾಳೆಗೆ ಎಷ್ಟು ಹಿಟ್ಟು ಬೇಕಾದೀತು ಎಂದು ಬಾಯಲ್ಲೇ ಲೆಕ್ಕ ಹಾಕತೊಡಗಿದಳು. ಅಕ್ಕ ಅವಳ ಮುಂದೆ ಹೋಗಿ ನಿಂತಳು.

“ಕೈ ಹಿಡದಾಂವ ಅಂವ. ಮನಿ ಬಿಡಾಕಿ ನಾ?”

ಅವ್ವ ಒಲೆಗೆ ಕಟ್ಟಿಗೆ ತುರುಕಿದಳು.

“ನನ್ನ ಒಂದ ಮಾತ ಕೇಳಬೇಕಿತ್ತ ಬೇ.”

“ಕೇಳಿದ್ರ ಏನಂತಿದ್ದಿ?”

“ಒಲ್ಲೆ ಅಂತಿದ್ದೆ.”

“ಅದಕ್ಕ ಕೇಳಲಿಲ್ಲ.”

ಇಷ್ಟು ವರ್ಷಗಳ ಮೇಲೂ ಆ ಎರಡು ಶಬ್ದಗಳು ನನ್ನನ್ನು ಬಿಟ್ಟಿಲ್ಲ. ಧೈರ್ಯದಿಂದ ನಿರ್ಧಾರ ತಗೊಳ್ಳಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ತಿಳಿದಿರಬೇಕು, ಭಾವನೆಗೆ ಸೋಲಬಾರದು ಎಂದು ವೇದಿಕೆಯ ಮೇಲೆ ಯಾರಾದರೂ ಉದ್ಯಮಿಯ ಲಕ್ಷಣ ಹೇಳುವಾಗ ನನಗೆ ಕಾಣುವುದು ಆ ಒಲೆ, ಆ ಹಂಚು, ಬೆನ್ನು ತಿರುಗಿಸಿ ಕೂತ ಅವ್ವ. ಅವಳಲ್ಲಿ ಆ ಗುಣಗಳೆಲ್ಲ ಇದ್ದವು. ಸಾವಕಾರನ ತಾಟು ಎತ್ತಿದ್ದೂ ಅದೇ ಧೈರ್ಯ, ಮಗಳನ್ನು ಕೊಟ್ಟು ಮನೆ ಉಳಿಸಿಕೊಂಡದ್ದೂ ಅದೇ ಧೈರ್ಯ. ಬೇರೆ ದಾರಿ ಏನಿತ್ತು ಎಂದು ಕೇಳುವವರಿದ್ದಾರೆ. ಇರಲಿಲ್ಲವೇನೋ. ಆದರೆ ದಾರಿ ಇಲ್ಲದಂತೆ ಮಾಡಿದವರು ಕಂಬಳಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು, ಅವರಿಗೇನೂ ಆಗಲಿಲ್ಲ. ಸಾವಕಾರ ಕೆಲವು ದಿನ ಬಿಟ್ಟು ಇನ್ನೊಂದು ಖಾನಾವಳಿಯಲ್ಲಿ ಮೆತ್ತೆಯ ಮೇಲೆ ಕೂತ.

ಕಾಖಂಡಕಿಯಲ್ಲಿ ಲಗ್ನವಾಯಿತು. ಭಾವ ಕೆಟ್ಟವನಲ್ಲ, ದುಡಿಯುವ ಮನುಷ್ಯ, ಅಕ್ಕನ ಮೇಲೆ ಕೈ ಎತ್ತಿದವನಲ್ಲ. ನನ್ನ ಸಿಟ್ಟನ್ನು ಇಳಿಸಲು ಬಂಧು ಬಳಗದವರು ಇದನ್ನೇ ಹೇಳುತ್ತಾರೆ. ಆಕಳನ್ನು ಒಳ್ಳೆಯ ಮನೆಗೆ ಕೊಟ್ಟರೆ ಆಕಳನ್ನು ಕೇಳಿ ಕೊಟ್ಟಂತಾಯಿತೆ? ಅವಳನ್ನು ಕಳಿಸಿ ಬಂದ ಮರುದಿನವೇ ಅವ್ವ ಪಡಸಾಲೆ ಸಾರಿಸಿ, ಬೀದಿಯ ಬಾಗಿಲಿಗೆ ಅರ್ಧ ಪರದೆ ಕಟ್ಟಿ, ಹುಡುಗಿಯರನ್ನು ಮುಂಬಾಗಿಲಿನಿಂದ ಕರೆದಳು. ಮೊದಲು ಇಬ್ಬರು ಬಂದರು, ನಾಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಉಂಡರು. ಆಮೇಲೆ ನರ್ಸಮ್ಮಗಳು ಬಂದರು. ಮಳೆಗಾಲ ಕಳೆಯುವಷ್ಟರಲ್ಲಿ ಮಣೆ ಸಾಲದೆ ಚಾಪೆ ಹಾಸಿದೆವು. ಊಟದ ಹೊತ್ತಿಗೆ ಅಪ್ಪ ಒಳಗೆ ಇರುವಂತಿರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದ. ಹೊಸದಾಗಿ ಬಂದ ಹುಡುಗಿಯರು ಅವನನ್ನು ಕಾವಲುಗಾರನೆಂದು ತಿಳಿದು ಚಪ್ಪಲಿ ನೋಡಿಕೊಳ್ಳಲು ಹೇಳುತ್ತಿದ್ದರು. ಅವನು ನೋಡಿಕೊಳ್ಳುತ್ತಿದ್ದ. ನನಗೆ ಅಯ್ಯೋ ಅನ್ನಿಸಲಿಲ್ಲ.

ಅಕ್ಕನ ಬುಟ್ಟಿ ನನ್ನ ಕೈಗೆ ಬಂತು. ಆದರೆ ಅವ್ವ ನನ್ನ ಸಾಲೆ ಬಿಡಿಸಲಿಲ್ಲ. ಮೆಟ್ರಿಕ್ ಆಯಿತು, ಕಾಮರ್ಸ್ ಕಾಲೇಜೂ ಆಯಿತು. “ಆಕಿ ಪಾಲಿಂದೂ ನೀನ ಕಲಿ” ಎಂದಳು ಒಮ್ಮೆ. ಎಂಥ ಮಾತು. ಅಕ್ಕನ ತಾಟಿನಿಂದ ತೆಗೆದು ನನ್ನ ತಾಟಿಗೆ ಹಾಕಿದಂತೆ. ನಾನು ಕಲಿತೆ, ಚೆನ್ನಾಗಿಯೇ ಕಲಿತೆ, ಪ್ರತಿ ಪರೀಕ್ಷೆಗೆ ಸಿಟ್ಟಿನಿಂದ ಓದಿದೆ. ಮುಂದೆ ನನ್ನದೇ ವ್ಯಾಪಾರ ಶುರುಮಾಡಿದಾಗ ನಾನು ಮೊದಲು ಹಾಕಿಕೊಂಡ ರೂಢಿ ಒಂದೇ: ಯಾರ ಮೇಲೆ ಭಾರ ಬೀಳುತ್ತದೋ ಅವರನ್ನು ಕೇಳದೆ ಯಾವುದಕ್ಕೂ ಒಪ್ಪುವುದಿಲ್ಲ. ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಹೆಂಗಸರು ಮೊದಲು ಉಂಡ ಮೇಲೆಯೇ ಒಲೆ ಹೊತ್ತಿಸುತ್ತಾರೆ. ಹೊತ್ತು ಹಾಳು ಎಂದು ನನಗೆ ಬುದ್ಧಿ ಹೇಳಲು ಬಂದ ಪರಿಣತರಿಗೆ ಚಹಾ ಕೊಟ್ಟು ಕಳಿಸಿದ್ದೇನೆ. ದೊಡ್ಡ ಆರ್ಡರು ಕೊಡುವ ಒಬ್ಬ ಗಿರಾಕಿ ನಮ್ಮ ಶೆಡ್ಡಿನ ಹುಡುಗಿಯೊಬ್ಬಳಿಗೆ ಬಾಯಿಗೆ ಬಂದಂತೆ ಅಂದಾಗ ಅವಳನ್ನೇ ಕರೆದು ಕೇಳಿದೆ, ಏನು ಮಾಡೋಣ ಎಂದು. “ಮಾಲ ಕೊಡೂದ ಬ್ಯಾಡ್ರಿ” ಎಂದಳು. ಕೊಡಲಿಲ್ಲ. ಆ ವರ್ಷ ಪೆಟ್ಟು ಬಿತ್ತು, ತಡೆದುಕೊಂಡೆ.

ಅಕ್ಕ ತವರಿಗೆ ಬರುತ್ತಿದ್ದಳು. ಹಬ್ಬಕ್ಕೆ, ಬಾಣಂತನಕ್ಕೆ, ಅಪ್ಪ ತೀರಿದಾಗ. ಬಾಣಂತಿಯಾಗಿ ಬಂದಾಗ ಅವಳ ಅತ್ತೆಯೂ ಜೊತೆಗೆ ಬಂದು ಬೇರೆ ಒಲೆ ಹೂಡಿ ಅಡಿಗೆ ಮಾಡಿ ಹಾಕಿದಳು. ಅಕ್ಕನೇ ಹಾಗೆ ಕೇಳಿಕೊಂಡಿದ್ದಳಂತೆ. ಉಳಿದ ದಿನ ಬಂದರೆ ಪಡಸಾಲೆಯ ಗೋಡೆಗೆ ಒರಗಿ, ಉಣ್ಣುವ ಹುಡುಗಿಯರ ಜೊತೆ ಊರು, ಕಾಲೇಜು, ಪಾಠ ಎಂದು ಮಾತಾಡುತ್ತಿದ್ದಳು. ಅವ್ವ ತಾಟು ಹಚ್ಚಿಕೊಂಡು ಬಂದು ಮುಂದಿಟ್ಟರೆ, “ಉಂಡ ಬಂದೀನಿ” ಎನ್ನುತ್ತಿದ್ದಳು. ಕಾಖಂಡಕಿಯ ಮೊದಲ ಬಸ್ಸಿಗೆ ಬಂದಿರುತ್ತಿದ್ದಳು, ಎಲ್ಲಿ ಉಂಡಿರುತ್ತಾಳೆ? ಯಾರ ಮುಖ ನೋಡಿದರೂ ಹಸಿವು ತಿಳಿಯುವ ಅವ್ವನಿಗೆ ಅದು ತಿಳಿಯದೆ? ತಾಟನ್ನು ಹಾಗೇ ಒಳಗೆ ಒಯ್ಯುತ್ತಿದ್ದಳು. ಇಬ್ಬರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು.

ಅವ್ವ ಹಾಸಿಗೆ ಹಿಡಿದ ವರ್ಷ ಅಕ್ಕ ಬಂದು ಹತ್ತಿರವಿದ್ದು ಮೈ ಒರೆಸಿದಳು, ಕೂದಲು ಬಾಚಿದಳು, ಗಂಜಿ ಕುಡಿಸಿದಳು. ತಾನು ಮಾತ್ರ ಬೇರೆ ಒಲೆ ಹೂಡಿಕೊಂಡು ಉಂಡಳು. ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ಹುಡುಗಿಯರ ಗದ್ದಲ ಕೇಳುತ್ತಿದ್ದಾಗ, ಅವ್ವ ಅಕ್ಕನ ಸೆರಗು ಹಿಡಿದಳು. ನಾನು ಅಲ್ಲೇ ಇದ್ದೆ.

“ಆವತ್ತ ನಾ ಇಲ್ಲ ಅಂದಿದ್ರ ಎಲ್ಲಾರೂ ಬೀದಿಗೆ ಬೀಳ್ತಿದ್ವಿ, ಕಸ್ತೂರಿ.”

“ಗೊತ್ತೈತಿ ಬೇ.”

“ಗೊತ್ತಿದ್ರ ಒಂದ ತುತ್ತ ಉಣ್ಣ. ನನ್ನ ಮುಂದ ಉಣ್ಣ.”

ಅಕ್ಕ ಅವ್ವನ ಕೈಯನ್ನು ಸೆರಗಿನಿಂದ ಮೆಲ್ಲಗೆ ಬಿಡಿಸಿ ಹೊದಿಕೆಯೊಳಗೆ ಇಟ್ಟಳು.

“ಹಸದಿಲ್ಲ.”

ಅವ್ವ ಗೋಡೆಯ ಕಡೆ ಹೊರಳಿದಳು. ಮತ್ತೆ ಕೇಳಲಿಲ್ಲ. ಕೆಲವು ದಿನಗಳಲ್ಲಿ ಹೋದಳು. ಅಕ್ಕ ಅತ್ತಳು, ನನಗಿಂತ ಹೆಚ್ಚು ಅತ್ತಳು.

ಮೊನ್ನೆ ಮತ್ತೊಂದು ಸಭೆಗೆ ಕರೆದಿದ್ದರು. ಹೋಗುವ ಮೊದಲು ಕಾಖಂಡಕಿಗೆ ಫೋನು ಮಾಡಿ, ಈ ಸಲ ಪೂರ್ತಿ ಕಥೆ ಹೇಳುತ್ತೇನೆ, ಹೇಳಲೇ ಎಂದು ಅಕ್ಕನನ್ನು ಕೇಳಿದೆ. ಸಾವಕಾರನ ಹೆಸರು ಬೇಡವೆಂದಳು, ಉಳಿದದ್ದು ಹೇಳು ಎಂದಳು. ಹೇಳಿದೆ. ಅವ್ವ ತಾಟು ಎತ್ತಿದ್ದನ್ನು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು, “ಆತು” ಅಂದದ್ದನ್ನು ಹೇಳಿದಾಗ ಯಾರೂ ತಟ್ಟಲಿಲ್ಲ. ಕೆಳಗಿಳಿದ ಕೂಡಲೇ ವ್ಯವಸ್ಥಾಪಕ ಹುಡುಗ ಓಡಿಬಂದ. “ಮೇಡಂ, ಕೊನಿಗೆ ಸ್ವಲ್ಪ ಹುರುಪು ಬರೂ ಹಂಗ ಮುಗಸಬೇಕಿತ್ರಿ. ಹುಡುಗರು ಬೇಜಾರ ಆದ್ರು” ಎಂದ. ಆಗಲಿ ಬಿಡಪ್ಪಾ ಎಂದೆ. ನನಗೆ ಬೇಜಾರಾಗಿ ಬಹಳ ವರ್ಷವಾಯಿತು, ನಾನೇನೂ ವ್ಯಾಪಾರ ಬಿಟ್ಟಿಲ್ಲ.

ಹೊರಗೆ ಗಾಡಿಯ ಹತ್ತಿರ ತಿಕೋಟಾದ ಕಡೆಯ ಒಬ್ಬ ಹುಡುಗಿ ಕಾಯುತ್ತಿದ್ದಳು. ಬಂಡವಾಳ ಎಷ್ಟು ಬೇಕು, ಸಾಲ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾಳೆ ಅಂದುಕೊಂಡೆ. “ನಿಮ್ಮ ಅಕ್ಕಾರು ಈಗ ಹೆಂಗ ಅದಾರ್ರಿ?” ಎಂದಳು. ಇಷ್ಟು ವರ್ಷ ಇಷ್ಟು ಸಭೆಗಳಲ್ಲಿ ಮಾತಾಡಿದ್ದೇನೆ, ಅಕ್ಕನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಕಾರಿನ ಬಾಗಿಲು ಹಿಡಿದುಕೊಂಡು ಅವಳಿಗೆ ಉತ್ತರಿಸಿದೆ. ಅವಳು ಹೋದ ಮೇಲೆ ಅಲ್ಲಿಂದಲೇ ಕಾಖಂಡಕಿಗೆ ಫೋನು ಮಾಡಿದೆ.

“ಒಬ್ಬ ಹುಡುಗಿ ನಿನ್ನ ಕೇಳಿದಳು, ಅಕ್ಕಾ. ಹೆಂಗ ಅದಾರ ಅಂತ.”

“ಏನ ಹೇಳಿದಿ?”

“ಆರಾಮ ಅದಾಳ ಅಂದೆ. ಎಮ್ಮಿ ಅದಾವ, ಮೊಮ್ಮಕ್ಕಳು ಅದಾವ ಅಂದೆ.”

“ಇನ್ನೂ ಸಿಟ್ಟಿನ್ಯಾಗ ಅದಾಳ ಅಂತ ಹೇಳಲಿಲ್ಲೇನ ಮಾದೇವಿ?”

“ಅದನ್ನ ಮೊದಲ ಹೇಳೀನಿ.”

“ಛಲೋ ಮಾಡಿದಿ,” ಎಂದಳು ಅಕ್ಕ. “ಇಡು, ಹಾಲ ಹಿಂಡೂ ಹೊತ್ತಾತು.”